ಎರೆ ಮಣ್ಣಿಗೆ ಶಹಾಬಾದ್ ಕಲ್ಲಿನ ಪುಡಿ: ಎಲ್ಲಿ ಹಾಕಬೇಕು, ಎಷ್ಟು ಹಾಕಬೇಕು

ಕಲಬುರಗಿ ಸುತ್ತ ಮನೆ ಕಟ್ಟಿದವರಿಗೆ ಎರೆ ಮಣ್ಣಿನ, ಅಂದರೆ ಕಪ್ಪು ಜೇಡಿ ಮಣ್ಣಿನ, ಕಾಟ ಹೇಳಿಕೊಡಬೇಕಾಗಿಲ್ಲ. ಏಪ್ರಿಲ್‌ನಲ್ಲಿ ನೆಲ ಬಾಯಿ ಬಿಡುತ್ತದೆ. ಮಳೆ ಬಿದ್ದ ಮೇಲೆ ಅದೇ ಮಣ್ಣು ನೀರು ಕುಡಿದು ಉಬ್ಬುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ, ಪಡಸಾಲೆಯ ಫರ್ಸಿ (ನೆಲಕ್ಕೆ ಹಾಸಿದ ಕಲ್ಲು) ಮೇಲೆದ್ದು ಬರುತ್ತದೆ, ಕಾಂಪೌಂಡ್ ಗೋಡೆ ವಾಲುತ್ತದೆ. ಹೊಲದ ದಾರಿಯ ಕಥೆ ಇನ್ನೂ ಕಷ್ಟ. ಎರಡು ಮಳೆಗೆ ಟ್ರ್ಯಾಕ್ಟರ್ ಗಾಲಿ ಹೂತುಹೋಗುತ್ತದೆ.

ಇದೇ ಜಿಲ್ಲೆಯ ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಕಲ್ಲು ಕೊಯ್ಯುವ, ಪಾಲಿಶ್ ಮಾಡುವ ಘಟಕಗಳಿವೆ. ಅಲ್ಲಿ ಬೂದು ಬಣ್ಣದ ಪುಡಿ ರಾಶಿ ಬೀಳುತ್ತದೆ. ಬೇಸಿಗೆಯಲ್ಲಿ ಗಾಳಿಗೆ ಹಾರಿ ಮನೆ, ಬೆಳೆ ಎಲ್ಲದರ ಮೇಲೆ ಕೂರುತ್ತದೆ. ಮಳೆಗಾಲದಲ್ಲಿ ಹಳ್ಳಕ್ಕೆ ಇಳಿಯುತ್ತದೆ. ಈ ಪುಡಿಯನ್ನು ಎರೆ ಮಣ್ಣಿಗೆ ಬೆರೆಸಿ ನೆಲ ಗಟ್ಟಿ ಮಾಡಬಹುದು. ಇದು ನಿಜಕ್ಕೂ ನಡೆಯುವ ಕೆಲಸ. ಆದರೆ ಸುಮ್ನೆ ನಾಲ್ಕು ಟ್ರಿಪ್ ತಂದು ಸುರಿದರೆ ಆಗುವುದಿಲ್ಲ. ಹೇಗೆ ಮಾಡಬೇಕು ಅನ್ನುವುದನ್ನು ಮೊದಲಿನಿಂದ ಹೇಳುತ್ತೇನೆ.

ಕಲ್ಲಿನ ಪುಡಿ ಬೇರೆ, ಸುಣ್ಣ ಬೇರೆ

ಸೈಟಿನಲ್ಲಿ ಗೌಂಡಿಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ: "ಸರ, ಶಹಾಬಾದ್ ಕಲ್ಲು ಸುಣ್ಣದ ಕಲ್ಲೇ ಅಲ್ಲೇನ್ರೀ? ಮತ್ತ ಬ್ಯಾರೆ ಸುಣ್ಣ ಯಾಕ ಬೇಕು?" ಪ್ರಶ್ನೆ ಸರಿಯಾಗೇ ಇದೆ. ಇದಕ್ಕೆ ಉತ್ತರ ತಿಳಿಯದೆ ಹೋದರೆ ದುಡ್ಡು ಮಣ್ಣುಪಾಲಾಗುತ್ತದೆ.

ಶಹಾಬಾದ್ ಕಲ್ಲಿನ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಅದನ್ನು ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್‌ವರೆಗೆ ಸುಟ್ಟಾಗ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದರೆ ಅರಳಿದ ಸುಣ್ಣ. ಮಣ್ಣಿನ ಜೊತೆ ರಾಸಾಯನಿಕವಾಗಿ ಸೇರುವುದು ಈ ಸುಣ್ಣ. ಸುಡದ ಕಲ್ಲಿನ ಪುಡಿ ನೀರಿನಲ್ಲಿ ಹೆಚ್ಚುಕಡಿಮೆ ಕರಗುವುದೇ ಇಲ್ಲ. ಹಾಗಾಗಿ ಮಣ್ಣಿನ ಜೊತೆ ಅದರ ರಾಸಾಯನಿಕ ಕೆಲಸ ತುಂಬ ಕಡಿಮೆ.

ಹಾಗಾದರೆ ಪುಡಿಯಿಂದ ಏನು ಲಾಭ? ಎರೆ ಮಣ್ಣು ಉಬ್ಬುವುದು ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಅನ್ನುವ ಜೇಡಿ ಖನಿಜದಿಂದ. ಅದು ಬಹಳ ತೆಳುವಾದ ಪದರಗಳಿಂದ ಆಗಿದೆ. ನೀರು ಆ ಪದರಗಳ ನಡುವೆ ನುಗ್ಗಿ ಅವುಗಳನ್ನು ದೂರ ತಳ್ಳುತ್ತದೆ. ಒಣಗಿದಾಗ ನೀರು ಹೋಗಿ ಪದರಗಳು ಮತ್ತೆ ಹತ್ತಿರ ಬರುತ್ತವೆ, ನೆಲ ಬಿರಿಯುತ್ತದೆ. ಕಲ್ಲಿನ ಪುಡಿ ಉಬ್ಬುವುದಿಲ್ಲ, ಕುಗ್ಗುವುದೂ ಇಲ್ಲ. ನೂರು ಪಾಲು ಜೇಡಿ ಇದ್ದ ಕಡೆ ಎಂಬತ್ತು ಪಾಲು ಉಳಿದರೆ ಉಬ್ಬುವ ಸರಕೇ ಅಷ್ಟು ಕಡಿಮೆ ಆಯಿತು. ಜೊತೆಗೆ ಸಂದುಗಳು ತುಂಬಿ ಮಣ್ಣು ಹೆಚ್ಚು ದಟ್ಟವಾಗಿ ಕೂರುತ್ತದೆ.

ಸುಣ್ಣದ ಕೆಲಸ ಬೇರೆ ಥರ. ಅದರಲ್ಲಿನ ಕ್ಯಾಲ್ಸಿಯಂ ಕೆಲವೇ ಗಂಟೆಗಳಲ್ಲಿ ಜೇಡಿ ಪದರಗಳಿಗೆ ಅಂಟಿ, ಮಣ್ಣಿನ ಜಿಗುಟನ್ನು ಮುರಿಯುತ್ತದೆ. ಆಮೇಲೆ ವಾರಗಟ್ಟಲೆ, ತಿಂಗಳುಗಟ್ಟಲೆ, ಮಣ್ಣಿನ ಸಿಲಿಕಾ ಮತ್ತು ಅಲ್ಯೂಮಿನಾ ಜೊತೆ ಸೇರಿ ಸಿಮೆಂಟಿನಂಥ ಅಂಟು ಕಟ್ಟುತ್ತದೆ.

ಮನೆಯಲ್ಲೇ ಇದನ್ನು ನೋಡಬಹುದು. ಎರಡು ಬಿಳಿ ಬಟ್ಟಲಲ್ಲಿ ಅರಿಶಿನದ ನೀರು ತಗೊಳ್ಳಿ. ಒಂದಕ್ಕೆ ಚಿಟಿಕೆ ಅರಳಿದ ಸುಣ್ಣ, ಇನ್ನೊಂದಕ್ಕೆ ಚಿಟಿಕೆ ಕಲ್ಲಿನ ಪುಡಿ ಹಾಕಿ. ಸುಣ್ಣದ ಬಟ್ಟಲು ಆ ಕ್ಷಣವೇ ಆರತಿ ನೀರಿನ ಕೆಂಪಿಗೆ ತಿರುಗುತ್ತದೆ. ಪುಡಿಯ ಬಟ್ಟಲಿಗೆ ಆ ಗಾಢ ಬಣ್ಣ ಬರುವುದಿಲ್ಲ. ಮಣ್ಣಿನ ಒಳಗೂ ಎರಡರ ನಡುವೆ ಅಷ್ಟೇ ವ್ಯತ್ಯಾಸ.

ಅದಕ್ಕೇ ನಾನು ಬರೀ ಕಲ್ಲಿನ ಪುಡಿ ಹಾಕಿ ಎಂದು ಯಾರಿಗೂ ಹೇಳುವುದಿಲ್ಲ. ಪುಡಿ ಜಾಸ್ತಿ, ಸುಣ್ಣ ಸ್ವಲ್ಪ, ಎರಡೂ ಸೇರಲಿ. ಪುಡಿ ಅಗ್ಗ, ಸುಣ್ಣ ದುಬಾರಿ. ಪುಡಿ ಜೊತೆಗಿದ್ದರೆ ಸುಣ್ಣ ಕಡಿಮೆ ಸಾಕಾಗುತ್ತದೆ.

ಎಲ್ಲಿ ಬಳಸಬೇಕು, ಎಲ್ಲಿ ಬೇಡ

ಮನೆ ಅಂಗಳ, ಗೋದಾಮಿನ ಮುಂದಿನ ಜಾಗ, ಹೊಲದ ದಾರಿ, ಲೇಔಟಿನ ಒಳರಸ್ತೆಯ ತಳ, ಕಣ, ಕಾಲುದಾರಿ. ಇವಕ್ಕೆಲ್ಲ ಇದು ಒಳ್ಳೆಯದು.

ಮನೆಯ ಪಾಯ ಮಾತ್ರ ಇದರ ಮೇಲೆ ಕೂರಿಸಬೇಡಿ. ಕಾರಣ ಸರಳ. ಎರೆ ನೆಲದಲ್ಲಿ ಋತು ಬದಲಾದಂತೆ ನೀರಿನಂಶ ಏರಿಳಿಯುವುದು ಮೇಲಿನ ಒಂದಡಿಯಲ್ಲಿ ಮಾತ್ರ ಅಲ್ಲ, ಮೂರು ಮೀಟರ್ ಆಸುಪಾಸಿನ ಆಳದವರೆಗೂ ಅದು ನಡೆಯುತ್ತದೆ. ನೀವು ಮೇಲಿನ ಒಂದಡಿ ಗಟ್ಟಿ ಮಾಡಿದರೂ ಕೆಳಗಿನ ಮಣ್ಣು ತನ್ನ ಪಾಡಿಗೆ ಉಬ್ಬುತ್ತಲೇ ಇರುತ್ತದೆ. ಮನೆಗಾದರೆ ಕೆಳಗಿನ ಗಟ್ಟಿ ಮುರುಮ್ (ಗರಸು ಮಣ್ಣು) ಅಥವಾ ಬಂಡೆ ಸಿಗುವವರೆಗೆ ಪಾಯ ಇಳಿಸಿ. ಅಷ್ಟು ಆಳದಲ್ಲೂ ಸಿಗದಿದ್ದರೆ ಅಂಡರ್-ರೀಮ್ಡ್ ಪೈಲ್ ಹಾಕಿಸಿ. ತಳದಲ್ಲಿ ಗೆಡ್ಡೆಯ ಹಾಗೆ ಅಗಲವಾಗುವ ಕಾಂಕ್ರೀಟ್ ಕಂಬ ಅದು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಮಣ್ಣಿಗೆಂದೇ ಅದನ್ನು ಬೆಳೆಸಿತು. ಸಾಮಾನ್ಯವಾಗಿ ಮೂರೂವರೆ ಮೀಟರ್ ಅಥವಾ ಅದಕ್ಕೂ ಆಳಕ್ಕೆ ಹೋಗುತ್ತದೆ. ಇದನ್ನು ನಿರ್ಧರಿಸುವುದು ಸ್ಟ್ರಕ್ಚರಲ್ ಎಂಜಿನಿಯರ್ ಕೆಲಸ, ಪಕ್ಕದ ಮನೆಯವರ ಅನುಭವ ನೋಡಿ ಮಾಡುವುದಲ್ಲ.

ಪ್ಲಿಂತ್ ಒಳಗೆ, ಅಂದರೆ ಪಾಯದ ಗೋಡೆಗಳ ನಡುವೆ ಮನೆಯ ನೆಲದ ಮಟ್ಟದವರೆಗೆ, ತುಂಬಲು ಎರೆ ಮಣ್ಣು ಬೇಡವೇ ಬೇಡ. ಪಾಯ ತೋಡಿದ ಮಣ್ಣು ಪಕ್ಕದಲ್ಲೇ ಬಿದ್ದಿರುತ್ತದೆ, ಅದನ್ನೇ ಒಳಗೆ ತಳ್ಳುವುದು ಸುಲಭ ಅನ್ನಿಸುತ್ತದೆ. ಒಳಗಿನ ಫರ್ಸಿ ಮೇಲೇಳುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಅಲ್ಲಿ ಮುರುಮ್ ಹಾಕಿ. ಉಬ್ಬದ ಆದರೆ ಅಂಟುಗುಣ ಇರುವ ಮಣ್ಣಿನ ದಪ್ಪ ಪದರ ಎರೆ ಮಣ್ಣಿನ ಮೇಲಿದ್ದರೆ ಉಬ್ಬು ತಗ್ಗುತ್ತದೆ ಅನ್ನುವುದನ್ನು ಬಾಂಬೆ ಐಐಟಿಯ ಪ್ರೊಫೆಸರ್ ಆರ್.ಕೆ. ಕಟ್ಟಿ ತೋರಿಸಿಕೊಟ್ಟಿದ್ದಾರೆ. ಕಾಲುವೆ ಕೆಲಸಗಳಲ್ಲಿ ಆ ವಿಧಾನ ಬಳಕೆಗೆ ಬಂದಿದೆ.

ನಿಮ್ಮ ಮಣ್ಣು ಎಷ್ಟು ಉಬ್ಬುತ್ತದೆ?

ಕಪ್ಪಗಿರುವ ಮಣ್ಣೆಲ್ಲ ಒಂದೇ ಅಲ್ಲ. ಆಳಂದ ಕಡೆಯ ಮಣ್ಣಿಗೂ ಜೇವರ್ಗಿ ಕಡೆಯ ಮಣ್ಣಿಗೂ ವ್ಯತ್ಯಾಸ ಇರಬಹುದು. ಒಂದೇ ಹೊಲದ ಎರಡು ಮೂಲೆಗಳಲ್ಲೂ ಇರಬಹುದು. ಹಾಗಾಗಿ ಮೊದಲು ಮಾದರಿ.

ಜಾಗದ ಮೂರ್ನಾಲ್ಕು ಕಡೆ ಗುಂಡಿ ತೋಡಿ. ಮೇಲಿನ ಅರ್ಧ ಅಡಿ ಬೇರು, ಕಸ ಇರುವ ಮಣ್ಣು ಬಿಟ್ಟುಬಿಡಿ. ಅದರ ಕೆಳಗಿನ ಮಣ್ಣು ತಗೊಂಡು ಬೇರೆ ಬೇರೆ ಚೀಲದಲ್ಲಿ ಹಾಕಿ, ಎಲ್ಲಿಯದು, ಎಷ್ಟು ಆಳದ್ದು ಎಂದು ಬರೆಯಿರಿ. ಗುಂಡಿಯ ಗೋಡೆಯನ್ನೂ ಸರಿಯಾಗಿ ನೋಡಿ. ಕಪ್ಪು ಎಲ್ಲಿ ಮುಗಿಯಿತು, ಹಳದಿ ಮುರುಮ್ ಎಲ್ಲಿ ಶುರುವಾಯಿತು, ಸುಣ್ಣದ ಹರಳು ಎಲ್ಲಿ ಸಿಕ್ಕಿತು ಎಲ್ಲ ಬರೆದಿಟ್ಟುಕೊಳ್ಳಿ. ಎರೆ ಬರೀ ಎರಡಡಿ ಇದ್ದು ಕೆಳಗೆ ಮುರುಮ್ ಸಿಕ್ಕರೆ ನೀವು ಅದೃಷ್ಟವಂತರು. ಎರೆ ತೆಗೆದು ಹಾಕುವುದೇ ಅಗ್ಗವಾಗಬಹುದು.

ಈಗ ಸೀಮೆಎಣ್ಣೆ ಪರೀಕ್ಷೆ. ಭಾರತೀಯ ಮಾನಕ ಐಎಸ್ 2720ರ 40ನೇ ಭಾಗದಲ್ಲಿ ಇರುವುದೇ ಇದು. ಮಣ್ಣನ್ನು ಪೂರ್ತಿ ಒಣಗಿಸಿ, ಪುಡಿ ಮಾಡಿ, 425 ಮೈಕ್ರಾನ್ ಜರಡಿಯಲ್ಲಿ ಸೋಸಿ. ಹತ್ತು ಹತ್ತು ಗ್ರಾಂ ತೂಗಿ 100 ಮಿಲಿ ಅಳತೆಯ ಎರಡು ಗಾಜಿನ ಸಿಲಿಂಡರ್‌ಗಳಿಗೆ ಹಾಕಿ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಗಾಜಿನ ಕಡ್ಡಿಯಿಂದ ನಿಧಾನಕ್ಕೆ ಕಲಕಿ ಗಾಳಿಗುಳ್ಳೆ ಬಿಡಿಸಿ. 24 ಗಂಟೆ ಅಲುಗಾಡಿಸಬೇಡಿ.

ಮರುದಿನ ಎರಡನ್ನೂ ಕಣ್ಣಿನ ಮಟ್ಟಕ್ಕೆ ತಂದು ನೋಡಿ. ಸೀಮೆಎಣ್ಣೆಯಲ್ಲಿ ಮಣ್ಣು ತಳದಲ್ಲಿ ಕಾಳು ಕಾಳಾಗಿ, ತೆಪ್ಪಗೆ ಕೂತಿರುತ್ತದೆ. ನೀರಿನ ಸಿಲಿಂಡರಿನಲ್ಲಿ ಅದೇ ಹತ್ತು ಗ್ರಾಂ ಮೆತ್ತಗಾಗಿ, ನುಣ್ಣಗಾಗಿ, ಮೇಲೆ ಮೇಲೆ ಬಂದಿರುತ್ತದೆ. ಸೀಮೆಎಣ್ಣೆಯಲ್ಲಿ 12 ಮಿಲಿ, ನೀರಿನಲ್ಲಿ 22 ಮಿಲಿ ಇದೆ ಅನ್ನಿ. ವ್ಯತ್ಯಾಸ 10. ಅದನ್ನು 12ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಸುಮಾರು 83. ನಿಮ್ಮ ಮಣ್ಣಿನ ಮುಕ್ತ ಉಬ್ಬು ಸೂಚ್ಯಂಕ ಶೇ 83. ಹೆದ್ದಾರಿ ಕೆಲಸದ ನಿಯಮದಲ್ಲಿ ಇದು ಶೇ 50 ದಾಟಿದ ಮಣ್ಣನ್ನು ತುಂಬಲು ಬಳಸುವಂತಿಲ್ಲ. ಮನೆ ಅಂಗಳಕ್ಕೂ ಆ 50 ಅನ್ನೇ ಗೆರೆಯಾಗಿ ಇಟ್ಟುಕೊಳ್ಳುವುದು ಒಳ್ಳೆಯದು.

ಇದೇ ಪರೀಕ್ಷೆಯನ್ನು ಆಮೇಲೆ ಪುಡಿ, ಸುಣ್ಣ ಬೆರೆಸಿದ ಮಣ್ಣಿನ ಮೇಲೂ ಮಾಡಿ. ಫಲ ಕಣ್ಣಿಗೇ ಕಾಣುತ್ತದೆ.

ಪುಡಿ ಆರಿಸುವಾಗ

ಘಟಕದಲ್ಲಿ ಎರಡು ಥರದ ತ್ಯಾಜ್ಯ ಇರುತ್ತದೆ. ಒಂದು ಕಲ್ಲಿನ ಚೂರು, ಅಂಚಿನ ತುಂಡು. ಇನ್ನೊಂದು ಗರಗಸ ಮತ್ತು ಪಾಲಿಶ್ ಯಂತ್ರದಿಂದ ನೀರಿನ ಜೊತೆ ಬರುವ ರಾಡಿ. ಮಣ್ಣಿಗೆ ಬೆರೆಸಲು ಬೇಕಾದದ್ದು ಒಣಗಿದ ರಾಡಿ. ಚೂರು ಬೇಡ. ಶಹಾಬಾದ್ ಕಲ್ಲು ಚಪ್ಪಟೆಯಾಗಿ ಒಡೆಯುತ್ತದೆ. ಚಪ್ಪಟೆ ಚೂರು ಮಣ್ಣಿನಲ್ಲಿ ಅಡ್ಡಡ್ಡ ಕೂತು ಕೆಳಗೆ ಪೊಳ್ಳು ಬಿಡುತ್ತದೆ. ರೋಲರ್ ಹೋದಾಗ ಗಟ್ಟಿಯಾದ ಹಾಗೆ ಕಾಣುತ್ತದೆ, ಮಳೆಗಾಲದಲ್ಲಿ ಕುಸಿಯುತ್ತದೆ. ಚೂರನ್ನು ಕೈಯಿಂದ ಜೋಡಿಸುವ ಸೋಲಿಂಗ್‌ಗೆ (ತಳದ ಕಲ್ಲು ಹಾಸಿಗೆ), ಚರಂಡಿ ಬದಿಗೆ ಇಟ್ಟುಕೊಳ್ಳಿ.

ರಾಶಿ ಮೇಲಿನಿಂದ ಒಣಗಿದ ಹಾಗೆ ಕಂಡರೂ ಒಳಗೆ ಹಸಿ ಇರುತ್ತದೆ. ಸಲಿಕೆ ಹಾಕಿ ಒಳಗಿನದನ್ನು ತೆಗೆದು ನೋಡಿ. ಹಸಿ ರಾಡಿ ತಂದರೆ ನೀವು ನೀರಿಗೆ ದುಡ್ಡು ಕೊಟ್ಟ ಹಾಗೆ, ತೂಕದ ಲೆಕ್ಕವೂ ತಪ್ಪುತ್ತದೆ. ತಂದ ಮೇಲೆ ತೆಳುವಾಗಿ ಹರಡಿ ಒಣಗಿಸಿ, ಗಟ್ಟಿ ಕೂತ ಹಲ್ಲೆಗಳನ್ನು ಒಡೆದು, ಜರಡಿ ಹಿಡಿಯಿರಿ.

ಎಣ್ಣೆ, ಗ್ರೀಸ್ ವಾಸನೆ ಬರುವ ರಾಶಿ ಬೇಡ. ಅಂಟು ರಾಳ ಬಳಸಿ ಪಾಲಿಶ್ ಮಾಡುವ ಕಡೆಯ ರಾಡಿಯೂ ಬೇಡ. ಗ್ರಾನೈಟ್ ಕೂಡ ಕೊಯ್ಯುವ ಘಟಕವಾದರೆ ಎರಡೂ ಬೆರೆತಿರಬಹುದು. ಅದರಿಂದ ಮಣ್ಣಿಗೆ ಕೆಡುಕೇನೂ ಇಲ್ಲ, ಆದರೆ ಒಂದೊಂದು ಟ್ರಿಪ್ ಒಂದೊಂದು ಥರ ಬರುತ್ತದೆ. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಎರಡು ಹನಿ ಹಾಕಿದರೆ ಸುಣ್ಣದ ಕಲ್ಲಿನ ಪುಡಿ ಜೋರಾಗಿ ನೊರೆಗಟ್ಟುತ್ತದೆ, ಗ್ರಾನೈಟ್ ಪುಡಿ ಸುಮ್ಮನಿರುತ್ತದೆ. ಗಾಳಿಯಾಡುವ ಕಡೆ, ಕೈಗವಸು ಹಾಕಿಕೊಂಡು ನೋಡಿ.

ಬಿಲ್ ಇಲ್ಲದೆ ತರಬೇಡಿ. ಸಾಗಿಸಲು ಪರವಾನಗಿ ಬೇಕೇ ಎಂದು ಗಣಿ ಮತ್ತು ಭೂವಿಜ್ಞಾನ ಇಲಾಖೆಯಲ್ಲಿ ಮೊದಲೇ ಕೇಳಿ. ತಂದ ರಾಶಿಯನ್ನು ಹಳ್ಳ, ಬಾವಿ ಹತ್ತಿರ ಹಾಕಬೇಡಿ. ಕಾಗಿಣಾ ನದಿಗೆ ಇಳಿಯುವ ಹಳ್ಳಗಳಿಗೆ ಈಗಾಗಲೇ ಹೊರೆ ಸಾಕಷ್ಟಿದೆ.

ಸುಣ್ಣ ಕೊಳ್ಳುವಾಗ ಅರಳಿದ ಪುಡಿ ಸುಣ್ಣವನ್ನೇ ಕೇಳಿ. ಸುಟ್ಟ ಸುಣ್ಣದ ಗಟ್ಟಿ ತಂದು ಸೈಟಿನಲ್ಲಿ ಅರಳಿಸುವುದು ಅಪಾಯ, ಕುದಿದು ಚಿಮ್ಮುತ್ತದೆ. ಕ್ಯಾಲ್ಸಿಯಂ ಆಕ್ಸೈಡ್ ಪ್ರಮಾಣ ಶೇ 70ಕ್ಕಿಂತ ಕಡಿಮೆ ಇರಬಾರದು. ಹಳೇ ಚೀಲ ಬೇಡವೇ ಬೇಡ. ಗಾಳಿ ತಾಗಿ ಸುಣ್ಣ ನಿಧಾನಕ್ಕೆ ಮತ್ತೆ ಕಾರ್ಬೊನೇಟ್ ಆಗುತ್ತದೆ, ಅಂದರೆ ಕಲ್ಲಿನ ಪುಡಿಯನ್ನೇ ಸುಣ್ಣದ ಬೆಲೆಗೆ ಕೊಂಡ ಹಾಗೆ. ಚಿಟಿಕೆ ತಗೊಂಡು ಆ್ಯಸಿಡ್ ಹಾಕಿ ನೋಡಿ. ಜೋರಾಗಿ ನೊರೆ ಬಂದರೆ ಆ ಚೀಲ ವಾಪಸ್.

ಲ್ಯಾಬ್ ಬಿಡಬೇಡಿ

ದೊಡ್ಡ ಜಾಗವಾದರೆ ಲ್ಯಾಬ್ ಪರೀಕ್ಷೆ ಮಾಡಿಸಲೇಬೇಕು. ಸಿವಿಲ್ ವಿಭಾಗ ಇರುವ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಮಣ್ಣಿನ ಲ್ಯಾಬ್ ಇರುತ್ತದೆ. ಕಲಬುರಗಿಯಲ್ಲಿ ಪಿಡಿಎ ಕಾಲೇಜು, ಬೀದರ್‌ನಲ್ಲಿ ಗುರುನಾನಕ್ ದೇವ್ ಕಾಲೇಜು ಇವೆ. ಹೋಗಿ ವಿಚಾರಿಸಿ. ಖಾಸಗಿ ಲ್ಯಾಬ್‌ಗಳೂ ಇವೆ.

ಏನು ಕೇಳಬೇಕು ಅನ್ನುವುದು ಗೊತ್ತಿರಲಿ. ಬರೀ ಮಣ್ಣು ಒಂದು ಮಾದರಿ. ಮಣ್ಣಿಗೆ ಶೇ 10, 20, 30 ಕಲ್ಲಿನ ಪುಡಿ ಸೇರಿಸಿದ ಮೂರು ಮಾದರಿ. ಆಮೇಲೆ ಶೇ 20 ಪುಡಿ ಇಟ್ಟುಕೊಂಡು ಶೇ 2, 4, 6 ಸುಣ್ಣ ಸೇರಿಸಿದ ಮೂರು ಮಾದರಿ. ಈ ಶೇಕಡಾ ಎಲ್ಲ ಒಣ ಮಣ್ಣಿನ ತೂಕದ ಮೇಲೆ. ಪ್ರತಿ ಮಾದರಿಗೂ ಉಬ್ಬು ಸೂಚ್ಯಂಕ, ದ್ರವ ಮಿತಿ ಮತ್ತು ಪ್ಲಾಸ್ಟಿಕ್ ಮಿತಿ (ಎಷ್ಟು ನೀರಿಗೆ ಮಣ್ಣು ಹರಿಯುವಷ್ಟು ಮೆತ್ತಗಾಗುತ್ತದೆ, ಎಷ್ಟಕ್ಕೆ ಇಳಿದರೆ ಉದುರುತ್ತದೆ ಅನ್ನುವ ಅಳತೆ), ಪ್ರಾಕ್ಟರ್ ಪರೀಕ್ಷೆ (ಎಷ್ಟು ನೀರಿನಲ್ಲಿ ಮಣ್ಣು ಅತಿ ದಟ್ಟವಾಗಿ ಕೂರುತ್ತದೆ ಅನ್ನುವುದು), ಮತ್ತು ನಾಲ್ಕು ದಿನ ನೀರಿನಲ್ಲಿ ನೆನೆಸಿದ ಸಿಬಿಆರ್ (ಮಣ್ಣು ಭಾರ ತಾಳುವ ಶಕ್ತಿ, ಶೇಕಡಾ ಲೆಕ್ಕದಲ್ಲಿ).

ನೆನೆಸಿದ ಸಿಬಿಆರ್ ಅನ್ನೇ ನೋಡಿ. ಒಣ ಎರೆ ಮಣ್ಣು ಬೇಸಿಗೆಯಲ್ಲಿ ಕಬ್ಬಿಣದ ಥರ ಇರುತ್ತದೆ, ಆ ಅಂಕಿ ನಂಬಿದರೆ ಕೆಟ್ಟೆವು. ನೆನೆಸಿದಾಗ ಅದರ ಸಿಬಿಆರ್ ಸಾಮಾನ್ಯವಾಗಿ 2ರ ಆಸುಪಾಸಿಗೆ ಇಳಿಯುತ್ತದೆ. ವಾಹನ ಜಾಸ್ತಿ ಓಡುವ ರಸ್ತೆಯ ತಳಕ್ಕೆ ಕನಿಷ್ಠ 5 ಬೇಕು. ಪುಡಿಯ ಪ್ರಮಾಣ ಏರಿಸುತ್ತ ಹೋದರೆ ಒಂದು ಹಂತದವರೆಗೆ ಫಲ ಹೆಚ್ಚುತ್ತದೆ, ಆಮೇಲೆ ಹಿಡಿತ ಕಡಿಮೆಯಾಗಿ ಇಳಿಯುತ್ತದೆ. ಬಹಳ ನುಣ್ಣಗಿನ ಪುಡಿಯಾದರೆ ಆ ಹಂತ ಹೆಚ್ಚಾಗಿ ಶೇ 15ರಿಂದ 25ರೊಳಗೆ ಸಿಗುತ್ತದೆ. ನಿಮ್ಮ ಮಣ್ಣಿಗೆ ಎಷ್ಟು ಅನ್ನುವುದನ್ನು ಪರೀಕ್ಷೆಯೇ ಹೇಳಬೇಕು.

ಸುಣ್ಣದ ಪ್ರಮಾಣ ಹುಡುಕಲು ಲ್ಯಾಬಿನವರಿಗೆ ಪಿಎಚ್ ಪರೀಕ್ಷೆ ಹೇಳಿ. ಮಣ್ಣು, ನೀರು, ಸುಣ್ಣ ಕಲಸಿ ಒಂದು ಗಂಟೆ ಬಿಟ್ಟಾಗ ಪಿಎಚ್ 12.4 ಮುಟ್ಟಲು ಎಷ್ಟು ಸುಣ್ಣ ಬೇಕೋ ಅದೇ ಕನಿಷ್ಠ ಪ್ರಮಾಣ.

ಇನ್ನೊಂದು ಪರೀಕ್ಷೆ ಮರೆಯಬಾರದು: ಸಲ್ಫೇಟ್. ಮಣ್ಣಿನಲ್ಲಿ ಸಲ್ಫೇಟ್ ಇದ್ದರೆ ಸುಣ್ಣದ ಜೊತೆ ಸೇರಿ ಎಟ್ರಿಂಗೈಟ್ ಅನ್ನುವ ಹರಳು ಬೆಳೆಯುತ್ತದೆ, ಅದು ಮಣ್ಣಿಗಿಂತ ಜೋರಾಗಿ ಉಬ್ಬುತ್ತದೆ. ಶೇ 0.2 ದಾಟಿದರೆ ಸುಣ್ಣದ ದಾರಿ ಬಿಟ್ಟುಬಿಡಿ. ಚೌಳು ನೆಲದಲ್ಲಿ, ಬಿಳಿ ಉಪ್ಪು ಕಾಣುವ ಕಡೆ ಈ ಪರೀಕ್ಷೆ ಕಡ್ಡಾಯ ಅಂದುಕೊಳ್ಳಿ.

ಒಂದು ಅಂಗಳದ ಲೆಕ್ಕ

ಮೂವತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲದ ಅಂಗಳ. ಒಂದಡಿ ಆಳದ ಮಣ್ಣಿಗೆ ಬೆರೆಸಬೇಕು. 600 ಘನ ಅಡಿ, ಅಂದರೆ 6 ಬ್ರಾಸ್ (ಒಂದು ಬ್ರಾಸ್ ಅಂದರೆ 100 ಘನ ಅಡಿ), ಸುಮಾರು 17 ಘನ ಮೀಟರ್. ಎರೆ ಮಣ್ಣಿನ ಒಣ ಸಾಂದ್ರತೆ ಘನ ಮೀಟರಿಗೆ ಒಂದೂವರೆ ಟನ್ ಎಂದು ಹಿಡಿದರೆ 25.5 ಟನ್ ಒಣ ಮಣ್ಣು.

ಶೇ 20 ಕಲ್ಲಿನ ಪುಡಿ ಅಂದರೆ 5.1 ಟನ್. ಶೇ 4 ಸುಣ್ಣ ಅಂದರೆ ಸುಮಾರು 1,020 ಕಿಲೊ, 25 ಕಿಲೊದ 41 ಚೀಲ. ಎಲ್ಲ ಸೇರಿ ಒಣ ತೂಕ ಸುಮಾರು 31.6 ಟನ್. ಲ್ಯಾಬ್ ಹೇಳಿದ ಸೂಕ್ತ ನೀರಿನಂಶ ಶೇ 20 ಇದ್ದರೆ ಒಟ್ಟು 6,300 ಲೀಟರ್ ನೀರು ಬೇಕು. ಮಣ್ಣಿನಲ್ಲಿ ಈಗಾಗಲೇ ಶೇ 10 ಹಸಿ ಇದ್ದರೆ ಅದರಲ್ಲೇ 2,500 ಲೀಟರ್ ಬಂತು. ಉಳಿದ 3,800 ಲೀಟರ್ ನೀವು ಹಾಕಬೇಕು. ಬಿಸಿಲಿಗೆ ಆವಿಯಾಗುವುದು ಬೇರೆ. ಒಂದು ಟ್ಯಾಂಕರ್ ಹೇಳಿಡಿ.

ಪುಡಿ ಸೇರಿದ ಮೇಲೆ ಮಟ್ಟ ಏರುತ್ತದೆ. ಬಾಗಿಲ ಹೊಸ್ತಿಲು, ಚರಂಡಿ ಮಟ್ಟ ಮೊದಲೇ ನೋಡಿಕೊಳ್ಳಿ.

ಕೆಲಸದ ದಿನಗಳು

ದೀಪಾವಳಿ ಕಳೆದ ಮೇಲೆ ಫೆಬ್ರವರಿವರೆಗೆ ಒಳ್ಳೆಯ ಕಾಲ. ಮಳೆ ನಿಂತಿರುತ್ತದೆ, ಮಣ್ಣಿನಲ್ಲಿ ಸ್ವಲ್ಪ ಹಸಿಯೂ ಇರುತ್ತದೆ. ಮೇ ತಿಂಗಳಲ್ಲಿ ಹೆಂಟೆಗಳು ಒಡೆಯುವುದಿಲ್ಲ, ಹಾಕಿದ ನೀರೂ ನಿಲ್ಲುವುದಿಲ್ಲ.

ಬೆರೆಸಲು ಟ್ರ್ಯಾಕ್ಟರಿನ ರೋಟಾವೇಟರ್ ಸಾಕು, ಅದಕ್ಕೆ ದೊಡ್ಡ ಯಂತ್ರ ಬೇಡ. ಆದರೆ ಅದು ಅರ್ಧ ಅಡಿ ಆಳಕ್ಕಷ್ಟೇ ಚೆನ್ನಾಗಿ ಬೆರೆಸುತ್ತದೆ. ಹಾಗಾಗಿ ಮೇಲಿನ ಅರ್ಧ ಅಡಿ ಮಣ್ಣನ್ನು ಜೆಸಿಬಿಯಿಂದ ಪಕ್ಕಕ್ಕೆ ಹಾಕಿ, ಕೆಳಗಿನ ಅರ್ಧ ಅಡಿಯ ಕೆಲಸ ಮೊದಲು ಮುಗಿಸಿ.

ಮೊದಲ ದಿನ ಮಣ್ಣು ಬಿಡಿಸಿ, ಬೇರು, ಕಲ್ಲು ಆರಿಸಿ. ಆ ಪದರಕ್ಕೆ ಬೇಕಾದ ಸುಣ್ಣದಲ್ಲಿ ಅರ್ಧ ಮಾತ್ರ ಹಾಕಿ. ಜಾಗಕ್ಕೆ ಚೌಕ ಚೌಕ ಗೆರೆ ಎಳೆದು ಚೌಕಕ್ಕೆ ಇಷ್ಟು ಚೀಲ ಎಂದು ಇಟ್ಟುಬಿಟ್ಟರೆ ಸಮನಾಗಿ ಹರಡುತ್ತದೆ. ಗಾಳಿ ಇಲ್ಲದ ಬೆಳಗಿನ ಹೊತ್ತು ಹರಡಿ. ರೋಟಾವೇಟರ್ ಓಡಿಸಿ, ನೀರು ಚಿಮುಕಿಸಿ, ಮತ್ತೆ ಓಡಿಸಿ. ಮೇಲೆ ಹಗುರವಾಗಿ ಒಂದು ಸಲ ರೋಲರ್ ಹಾಯಿಸಿ, ಒಂದು ದಿನ ಬಿಟ್ಟುಬಿಡಿ.

ಈ ಒಂದು ದಿನದ ಕಾಯುವಿಕೆಯನ್ನು ಗುತ್ತಿಗೆದಾರರು ಉಳಿಸಲು ನೋಡುತ್ತಾರೆ. ಒಪ್ಪಬೇಡಿ. ಮರುದಿನ ಬೆಳಿಗ್ಗೆ ಮಣ್ಣನ್ನು ಕೈಗೆ ತಗೊಂಡರೆ ಯಾಕೆ ಅಂತ ತಿಳಿಯುತ್ತದೆ. ನಿನ್ನೆ ಸಲಿಕೆಗೆ, ಚಪ್ಪಲಿಗೆ ಅಂಟುತ್ತಿದ್ದ ಮಣ್ಣು ಇವತ್ತು ಬೆರಳ ನಡುವೆ ಉದುರುತ್ತದೆ. ಬಣ್ಣ ಒಂದು ಛಾಯೆ ತಿಳಿಯಾಗಿರುತ್ತದೆ. ಹೆಂಟೆಯನ್ನು ಹಿಸುಕಿದರೆ ಕಾಳು ಕಾಳಾಗಿ ಒಡೆಯುತ್ತದೆ. ಜಿಗುಟು ಮುರಿದಿದೆ. ಇನ್ನು ಪುಡಿ ಒಳಗೆ ಹೋಗಬಲ್ಲದು. ನಿನ್ನೆಯೇ ಪುಡಿ ಹಾಕಿದ್ದರೆ ಹೆಂಟೆಯ ಹೊರಮೈಗೆ ಮೆತ್ತಿಕೊಂಡು, ಒಳಗೆ ಹಸಿ ಎರೆ ಹಾಗೇ ಉಳಿಯುತ್ತಿತ್ತು.

ಎರಡನೇ ದಿನ ಕಲ್ಲಿನ ಪುಡಿ ಹರಡಿ ಬೆರೆಸಿ. ಉಳಿದ ಸುಣ್ಣ ಹಾಕಿ, ಮತ್ತೆ ಬೆರೆಸಿ. ಒಂದು ಇಂಚಿಗಿಂತ ದೊಡ್ಡ ಹೆಂಟೆ ಒಂದೂ ಕಾಣಬಾರದು, ಬಹುಪಾಲು ಕಡಲೆ ಕಾಳಿಗಿಂತ ಸಣ್ಣಗಿರಬೇಕು. ಒಂದು ಕಡೆ ತೋಡಿ ಅಂಚು ನೋಡಿ. ಬಿಳಿ ಗೆರೆ, ಕಪ್ಪು ಗೆರೆ ಬೇರೆ ಬೇರೆ ಕಂಡರೆ ಇನ್ನೊಂದು ಸುತ್ತು ಬೇಕು. ಸುಣ್ಣ ಎಲ್ಲ ಕಡೆ ಮುಟ್ಟಿದೆಯಾ ಅನ್ನುವುದನ್ನು ಅರಿಶಿನದ ನೀರಿನಲ್ಲೇ ನೋಡಬಹುದು. ಐದಾರು ಕಡೆಯ ಮಣ್ಣನ್ನು ಬೇರೆ ಬೇರೆ ಬಟ್ಟಲಿಗೆ ಹಾಕಿ. ಎಲ್ಲ ಕಡೆ ಒಂದೇ ಥರದ ಗಾಢ ಕೆಂಪು ಬರಬೇಕು.

ನೀರು ಸರಿಯಿದೆಯಾ ತಿಳಿಯಲು ಮುಷ್ಟಿಯಲ್ಲಿ ಹಿಡಿದು ಬಿಗಿಯಾಗಿ ಒತ್ತಿ. ಉಂಡೆ ಆಗಬೇಕು, ಅಂಗೈ ಒದ್ದೆಯಾಗಬಾರದು. ಬೆರೆಸಿದ ಮೇಲೆ ಮೂರು ಗಂಟೆಯೊಳಗೆ ರೋಲರ್ ಕೆಲಸ ಮುಗಿಯಬೇಕು. ಊಟ ಮಾಡಿ ಬರ್ತೀವಿ ಅಂತ ಬಿಟ್ಟು ಹೋದರೆ ಮಣ್ಣು ಒಣಗಿ ಬಿಗಿಯಾಗುವುದಿಲ್ಲ. ಎಂಟು-ಹತ್ತು ಟನ್ನಿನ ಕಂಪಿಸುವ ರೋಲರ್ ಇರಲಿ. ಅಂಚಿನಿಂದ ನಡುವಿಗೆ ಬನ್ನಿ. ಲ್ಯಾಬ್ ಹೇಳಿದ ಸಾಂದ್ರತೆಯ ಶೇ 95 ಅಂಗಳಕ್ಕೆ ಸಾಕು, ರಸ್ತೆಯ ತಳಕ್ಕೆ ಶೇ 97. ಕೋರ್ ಕಟರ್ ಅಥವಾ ಮರಳು ತುಂಬುವ ವಿಧಾನದಲ್ಲಿ ಅಳೆಸಿ. ಗಾಲಿಯ ಗುರುತು ಬೀಳಲಿಲ್ಲ ಅನ್ನುವುದು ಅಳತೆ ಅಲ್ಲ.

ಮೇಲಿನ ಪದರಕ್ಕೂ ಇದೇ ಕ್ರಮ. ಮುಗಿದ ಮೇಲೆ ಏಳು ದಿನ ಗೋಣಿ ಚೀಲ ಹಾಸಿ ಹಸಿಯಾಗಿಡಿ, ವಾಹನ ಬಿಡಬೇಡಿ.

ಸುಣ್ಣ ಚರ್ಮ ಸುಡುತ್ತದೆ, ಕಣ್ಣಿಗೆ ಇನ್ನೂ ಅಪಾಯ. ಕೂಲಿ ಬಂದವರಿಗೆ ಗಮ್‌ಬೂಟು, ಕೈಗವಸು, ಕನ್ನಡಕ, ಮಾಸ್ಕ್ ನೀವೇ ಕೊಡಿ. ಅವರು ತರಲಿ ಅಂತ ಬಿಡಬೇಡಿ. ಕಣ್ಣಿಗೆ ಬಿದ್ದರೆ ಹದಿನೈದು ನಿಮಿಷ ಶುದ್ಧ ನೀರು ಬಿಟ್ಟು ತೊಳೆದು ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಮಕ್ಕಳನ್ನು ಸೈಟಿನಿಂದ ದೂರ ಇಡಿ.

ನೀರನ್ನು ಹೊರಗಿಡಿ

ಇಷ್ಟೆಲ್ಲ ಮಾಡಿ ಬಚ್ಚಲ ನೀರು ಅಂಗಳಕ್ಕೇ ಬಿಟ್ಟರೆ ಕೆಲಸ ವ್ಯರ್ಥ. ಮೇಲ್ಮೈಗೆ ಚೆನ್ನಾಗಿ ಇಳಿಜಾರು ಕೊಡಿ. ಗೋಡೆಯ ಸುತ್ತ ಮೂರ್ನಾಲ್ಕು ಅಡಿ ಅಗಲದ ಕಟ್ಟೆ ಹಾಕಿ. ಮೊದಲೇ ತೆಗೆದಿಟ್ಟ ಶಹಾಬಾದ್ ಚೂರು ಇಲ್ಲಿ ಕೆಲಸಕ್ಕೆ ಬರುತ್ತದೆ, ಸಂದಿಗೆ ಸಿಮೆಂಟ್ ತುಂಬಿ. ಮಾಳಿಗೆಯ ಪೈಪು ನೇರ ಚರಂಡಿಗೆ ಹೋಗಲಿ. ನಲ್ಲಿಯ ಪೈಪು ನೆಲದೊಳಗೆ ಸೋರುತ್ತಿದ್ದರೆ ಅದೊಂದು ಕಡೆ ಮಾತ್ರ ನೆಲ ಉಬ್ಬುತ್ತದೆ, ಗೋಡೆ ಬಿರಿಯುವುದು ಇಂಥ ಅಸಮ ಉಬ್ಬಿನಿಂದಲೇ ಜಾಸ್ತಿ. ದೊಡ್ಡ ಮರ ಗೋಡೆಗೆ ಅಂಟಿ ಬೇಡ. ಬೇರು ಬೇಸಿಗೆಯಲ್ಲಿ ನೀರು ಹೀರಿ ಆ ಮೂಲೆಯ ನೆಲವನ್ನು ಕುಗ್ಗಿಸುತ್ತದೆ.

ಯಾದಗಿರಿ, ಬೀದರ್ ಕಡೆಯವರಿಗೆ

ಸಾಗಾಟದ ಖರ್ಚೇ ಇಲ್ಲಿ ದೊಡ್ಡದು. ಶಹಾಬಾದಿನಿಂದ ದೂರ ಇದ್ದರೆ ಹತ್ತಿರ ಸಿಗುವುದನ್ನು ನೋಡಿ. ಬೀದರ್‌ನಲ್ಲಿ ಕೆಂಪು ಮುರುಮ್ ಪಕ್ಕದಲ್ಲೇ ಸಿಗುತ್ತಿದ್ದರೆ ಕಲ್ಲಿನ ಪುಡಿಯ ಹಿಂದೆ ಹೋಗುವ ಅಗತ್ಯವೇ ಇಲ್ಲ. ಎರೆ ತೆಗೆದು ಒಳ್ಳೆಯ ಮುರುಮ್ ತುಂಬಿಸಿ.

ಶಹಾಪುರ, ಸುರಪುರ ಕಡೆ ಗ್ರಾನೈಟ್ ನೆಲ. ಕ್ರಷರ್ ಡಸ್ಟ್ ಸಿಗುತ್ತದೆ. ಅದು ಪಾಲಿಶ್ ಪುಡಿಗಿಂತ ದಪ್ಪ ಕಣ, ಮರಳಿನಂತೆ ಹಿಡಿತ ಕೊಡುತ್ತದೆ. ಹಾಗಾಗಿ ಶೇ 20ರಿಂದ 40ರವರೆಗೆ ಪರೀಕ್ಷಿಸಿ ನೋಡಬಹುದು. ಸುಣ್ಣ ಮಾತ್ರ ಇಲ್ಲೂ ಬೇಕು. ಗ್ರಾನೈಟ್ ಧೂಳಿನಲ್ಲಿ ಸ್ಫಟಿಕದ ಸಿಲಿಕಾ ಇರುತ್ತದೆ. ದಿನವೂ ಉಸಿರಾಡಿದರೆ ಸಿಲಿಕೋಸಿಸ್ ಅನ್ನುವ ಶ್ವಾಸಕೋಶದ ರೋಗ ಬರಬಹುದು, ಆ ರೋಗಕ್ಕೆ ವಾಸಿ ಇಲ್ಲ. ಟಿಪ್ಪರ್ ಇಳಿಸುವ ಮೊದಲೇ ರಾಶಿಗೆ ನೀರು ಚಿಮುಕಿಸಿ. ಮುಖಕ್ಕೆ ಟವೆಲ್ ಕಟ್ಟಿಕೊಂಡರೆ ಸಾಲದು, ಎನ್95 ಮಾಸ್ಕ್ ಬೇಕು.